ಕಲ್ಲಿಗೊಂದು ದುಂಡು ಬಾಯಿ

“ಮುಸುರೆ ಬಿದ್ದಿರೋ ತೊಟ್ಟೀಲೇ ಅಕ್ಕಿ ತೊಳೀತೀಯೇನೇ?”

ಅತ್ತೆಯ ಈ ಪ್ರಶ್ನೆಗೆ ಇಂದಿರಾನಗರದ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಯಾರೂ ಉತ್ತರ ಹೇಳಿರಲಿಲ್ಲ. ಸಿಂಕನ್ನು ಅವರು ಇವತ್ತಿಗೂ ಕರೆಯುವುದು ತೊಟ್ಟಿ ಎಂದೇ. ಹಾಲು ಕಾಸಿದ ಪಾತ್ರೆ, ರಾತ್ರಿಯ ಸಾರಿನ ಜಿಡ್ಡು, ಉಂಡಿಟ್ಟ ತಟ್ಟೆ ಎಲ್ಲ ಬಂದು ಬೀಳುವ ಜಾಗದಲ್ಲೇ ಸೊಪ್ಪು ತೊಳೆಯಬೇಕು, ಅಲ್ಲೇ ದೇವರ ದೀಪ ಬೆಳಗಬೇಕು, ಅಲ್ಲೇ ಕೈಯೂ ತೊಳೆಯಬೇಕು. ಮಡಿಯ ಮಾತು ಒತ್ತಟ್ಟಿಗಿರಲಿ, ಬರೀ ಶುಚಿಯ ಲೆಕ್ಕಕ್ಕೂ ಅವರ ತಕರಾರು ಸರಿಯಾದದ್ದೇ. ಕೊನೆಗೆ ಕಳೆದ ವರ್ಷ, ಫ್ರಿಜ್ಜಿನ ಪಕ್ಕದ ಕಟ್ಟೆಗೆ ಒಂದು ಚಿಕ್ಕ ದುಂಡನೆಯ ಸಿಂಕ್ ಕೂರಿಸುವುದೆಂದು ತೀರ್ಮಾನವಾಯಿತು. ಅಂಚು ಸೇರಿ ಹದಿನಾರು ಇಂಚಿನ ಬಟ್ಟಲು. ಅರ್ಧ ದಿನದ ಕೆಲಸ ಅಂದುಕೊಂಡೆವು. ಹದಿನೇಳು ದಿನ ಹಿಡಿಯಿತು, ಒಂದು ಚಪ್ಪಡಿಯೂ ಹೋಯಿತು.

ಯೋಚಿಸಿದರೆ, ಮುಸುರೆ ಅಡುಗೆಮನೆಯೊಳಕ್ಕೆ ಕಾಲಿಟ್ಟದ್ದೇ ಈಚೆಗೆ. ನನ್ನ ಅಜ್ಜಿಯ ಮನೆಯಲ್ಲಿ ಪಾತ್ರೆ ತಿಕ್ಕುವುದು ಹಿತ್ತಿಲಲ್ಲಿ, ಬಾವಿಕಟ್ಟೆಯ ಬದಿಯ ಕಲ್ಲಿನ ಮೇಲೆ, ಕುಕ್ಕರುಗಾಲಲ್ಲಿ ಕೂತು, ಬೂದಿಯಲ್ಲೋ ಹುಣಸೆಹಣ್ಣಿನಲ್ಲೋ. ಒಲೆಯ ಬಳಿ ಬರುವುದು ತೊಳೆದು ಬೋರಲು ಹಾಕಿದ ಪಾತ್ರೆ ಮಾತ್ರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದು 1976ರಲ್ಲಿ. ಅಲ್ಲಿಂದಾಚೆ ಇಂದಿರಾನಗರದಂಥ ಬಡಾವಣೆಗಳಲ್ಲಿ ಎದ್ದ ಮನೆಗಳಲ್ಲಿ ಒಲೆ ನೆಲದಿಂದ ಕಟ್ಟೆಗೆ ಏರಿತು. ಅಡುಗೆ ಮಾಡುವವಳು ನಿಂತಳು. ಅವಳ ಜೊತೆಗೆ ಪಾತ್ರೆ ತೊಳೆಯುವ ಜಾಗವೂ ಎದ್ದು ನಿಂತು, ಒಲೆಯಿಂದ ಮೂರಡಿ ದೂರಕ್ಕೆ ಬಂದು ಕೂತಿತು. ಸೊಂಟಕ್ಕೆ ಸುಖವಾಯಿತು, ನಿಜ. ಆದರೆ ಎರಡು ಬೇರೆ ಬೇರೆ ನೀರಿನ ಕೆಲಸಗಳು ಒಂದೇ ತೊಟ್ಟಿಗೆ ಬಿದ್ದವು. ಎರಡನೆಯ ಚಿಕ್ಕ ಸಿಂಕ್ ಎಂದರೆ ಹೊಸ ಶೋಕಿ ಎಂದು ನೆಂಟರು ನಕ್ಕರು. ನನಗೆ ಅದು ಹಿತ್ತಿಲನ್ನು ಮತ್ತೆ ಬೇರೆ ಮಾಡಿಕೊಳ್ಳುವ ಕೆಲಸದ ಹಾಗೆ ಕಂಡಿತು.

ದುಂಡನೆಯದೇ ಏಕೆ? ಮೊದಲ ಕಾರಣ ಜಾಗ. ಕಟ್ಟೆಯ ಅಗಲ ಎರಡಡಿ, ನಮಗೆ ಸಿಕ್ಕಿದ ಉದ್ದವೂ ಅಷ್ಟೆ. ಎರಡನೆಯದು, ಮೂಲೆಯಿಲ್ಲದ ಬಟ್ಟಲಲ್ಲಿ ಅಕ್ಕಿಕಾಳು, ಸೊಪ್ಪಿನ ಮಣ್ಣು ಕೂರುವುದಿಲ್ಲ; ಒಂದು ಸುತ್ತು ನೀರು ಹಾಯಿಸಿದರೆ ಎಲ್ಲ ಜಾಲರಿಗೆ ಬಂದು ನಿಲ್ಲುತ್ತದೆ. ದುಂಡು ಸಿಂಕಿನ ಕುಂದನ್ನೂ ಹೇಳಿಬಿಡಬೇಕು. ಊಟದ ತಟ್ಟೆಯೂ ದುಂಡಗೇ ಇರುವುದರಿಂದ ಅದು ಜಾರಿ ಒಳಗೆ ಬಿದ್ದರೆ ಅಳತೆ ಕೊಟ್ಟು ಮಾಡಿಸಿದ ಮುಚ್ಚಳದ ಹಾಗೆ ಕೂತು, ನೀರು ಕೆಳಗಿಳಿಯದೆ ಮೇಲೇಳುತ್ತದೆ. ಬಾಣಲೆಯಂತೂ ಹಿಡಿಸುವುದೇ ಇಲ್ಲ. ಮುಖ್ಯ ಸಿಂಕಾಗಿ ಇದನ್ನು ಹಾಕಿಸಿಕೊಂಡವರು ತಿಂಗಳೊಳಗೆ ಬೈದುಕೊಳ್ಳುತ್ತಾರೆ.

ಲೋಹದ ದುಂಡು ಬಟ್ಟಲು ಈ ಭಾಗಕ್ಕೆ ಹೊಸದೂ ಅಲ್ಲ. 1809ರಲ್ಲಿ ಹಲಸೂರಿನ ಪಕ್ಕದಲ್ಲಿ ದಂಡು ಬಂದಿಳಿಯಿತು. ಮುಂದೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡು, 1947ರ ಜುಲೈವರೆಗೂ ಬ್ರಿಟಿಷರ ಕೈಯಲ್ಲೇ ಇದ್ದ ದಂಡುಪ್ರದೇಶದ ಬಂಗಲೆಗಳಲ್ಲಿ ಅಡುಗೆಮನೆ ಇರುತ್ತಿದ್ದುದು ಹಿಂದುಗಡೆ, ಮುಖ್ಯ ಕಟ್ಟಡದಿಂದ ಬೇರೆಯಾಗಿ. ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದದ್ದು 1890ರ ದಶಕದಲ್ಲಿ. ಅದಕ್ಕೆ ಮೊದಲು ಕೈತೊಳೆಯುವ ಸಲಕರಣೆ ಎಂದರೆ ಚಿಲಮ್ಚಿ. ಆಂಗ್ಲೋ ಇಂಡಿಯನ್ ಮಾತುಗಳ ಪ್ರಸಿದ್ಧ ಕೋಶ ‘ಹಾಬ್ಸನ್ ಜಾಬ್ಸನ್’ 1886ರಲ್ಲೇ ಈ ಪದವನ್ನು ದಾಖಲಿಸಿದೆ: ಬಂಗಾಳದಲ್ಲಿ ಅದು ಹಿತ್ತಾಳೆಯದು, ಪಶ್ಚಿಮ ಮತ್ತು ದಕ್ಷಿಣದಲ್ಲಿ ಸಾಮಾನ್ಯವಾಗಿ ಕಲಾಯಿ ಹಾಕಿದ ತಾಮ್ರದ್ದು. ಹೆಸರು ಬಂದದ್ದು ಆಚೆಯಿಂದಲೇ ಆದರೂ ವಸ್ತು ಇಲ್ಲಿನದೇ ಆಯಿತು. ದಖನಿ ಮಾತಾಡುವ ಮನೆಗಳಲ್ಲಿ ದಸ್ತರ್‌ಖಾನಿನ, ಅಂದರೆ ಊಟದ ಹಾಸಿನ, ಮುಂದೆ ಕೂತ ನೆಂಟರ ಕೈಗೆ ಹೂಜಿಯಿಂದ ನೀರು ಬಿಟ್ಟು, ಕೆಳಗೆ ಚಿಲಮ್ಚಿ ಹಿಡಿಯುವುದು ಮರ್ಯಾದೆಯ ರೂಢಿ. ಈಗ ಅಂಗಡಿಯಲ್ಲಿ ಮಾರುವ ಸ್ಟೀಲ್ ಬಟ್ಟಲನ್ನು ಅಂಗೈ ಮೇಲೆ ಬೋರಲಿಟ್ಟು ನೋಡಿ, ತಳದ ತೂತೊಂದನ್ನು ಬಿಟ್ಟರೆ ಅದೇ ಚಿಲಮ್ಚಿ.

ಇನ್ನು ಕಲ್ಲಿನಲ್ಲಿ ದುಂಡು ಗುಂಡಿ ತೆಗೆಯುವುದು? ಅದಂತೂ ನಮ್ಮ ಅಡುಗೆಮನೆಯ ಅತಿ ಹಳೆಯ ಕಲ್ಲುಕೆಲಸ. ನೆಲದಲ್ಲಿ ಹೂತ ಒರಳು ಅದಲ್ಲದೆ ಇನ್ನೇನು? ಚಾಣ, ಸುತ್ತಿಗೆ ಬಿಟ್ಟು ಬೇರೆ ಉಪಕರಣವಿಲ್ಲದೆ, ಚೂರುಚೂರೇ ಕೆತ್ತುತ್ತಾ ಒಳಗೆ ಇಳಿಯುವುದು. ವ್ಯತ್ಯಾಸ ಇಷ್ಟೆ: ಒರಳಿನ ಕಲ್ಲು ಗೇಣುಗಟ್ಟಲೆ ದಪ್ಪ, ಗುಂಡಿ ಅದರ ಹೊಟ್ಟೆಯಲ್ಲೇ ಮುಗಿಯುತ್ತದೆ. ನಮ್ಮ ಕಟ್ಟೆಯ ಸ್ಲ್ಯಾಬ್ ಹದಿನೆಂಟು ಮಿಲಿಮೀಟರ್ ದಪ್ಪ, ಗುಂಡಿ ಆಚೆಗೆ ದಾಟುತ್ತದೆ. ತೊಂದರೆಯೆಲ್ಲ ಈ ವ್ಯತ್ಯಾಸದಲ್ಲೇ ಇರುವುದು.

ಗ್ರಾನೈಟನ್ನು ಅದುಮಿದರೆ ಎಷ್ಟು ಭಾರವನ್ನಾದರೂ ತಾಳುತ್ತದೆ. ಎಳೆದರೆ, ಬಾಗಿಸಿದರೆ ತಾಳುವುದಿಲ್ಲ. ಅದುಮಿದಾಗಿನ ಬಲದ ಹತ್ತನೆಯ ಒಂದು ಭಾಗವೂ ಎಳೆತಕ್ಕೆ ಇರುವುದು ಕಷ್ಟ. ಎರಡಡಿ ಅಗಲದ ಸ್ಲ್ಯಾಬಿನಲ್ಲಿ ಸಿಂಕಿನ ಬಾಯಿ ತೆಗೆದ ಮೇಲೆ ಮುಂದುಗಡೆ ಉಳಿಯುವುದು ಎರಡು ಮೂರು ಇಂಚಿನ ಪಟ್ಟಿ. ಚೌಕದ ಸಿಂಕಿಗೆ ಕತ್ತರಿಸಿದರೆ ಆ ಪಟ್ಟಿ ಒಂದೂವರೆ ಅಡಿ ಉದ್ದದ ಕಲ್ಲಿನ ಕೋಲಿನಂತಿರುತ್ತದೆ. ಸ್ಲ್ಯಾಬನ್ನು ಎತ್ತಿ ತರುವಾಗಲೇ ಲಟಕ್ಕೆನ್ನುವುದು ಅಲ್ಲಿ. ದುಂಡು ಬಾಯಿಗೆ ಈ ಕಾಟ ಕಡಿಮೆ. ಪಟ್ಟಿ ತೆಳ್ಳಗಿರುವುದು ಒಂದೇ ಬಿಂದುವಿನಲ್ಲಿ, ಅದರ ಎರಡೂ ಕಡೆಗೆ ಕಲ್ಲು ಅಗಲವಾಗುತ್ತಾ ಹೋಗುತ್ತದೆ. ಆದರೂ ಆ ಬಿಂದುವಿನಲ್ಲಿ ಮೂರು ಇಂಚಿಗಿಂತ ಕಡಿಮೆ ಬಿಡಬಾರದು. ಅಡುಗೆ ಕಟ್ಟೆಯ ಮೇಲೆ ನಾವು ತರಕಾರಿ ಮಾತ್ರ ಇಡುತ್ತೇವೆಯೇ? ಶುಂಠಿ ಜಜ್ಜುತ್ತೇವೆ, ಕುಕ್ಕರ್ ಕುಕ್ಕುತ್ತೇವೆ, ಅಟ್ಟದ ಮೇಲಿನ ಹಬ್ಬದ ಪಾತ್ರೆ ಇಳಿಸಲು ಹತ್ತಿಯೇ ನಿಲ್ಲುತ್ತೇವೆ.

ನಮ್ಮ ಮೊದಲ ಚಪ್ಪಡಿ ಹೋದದ್ದು ಹೀಗೆ. ಸಿಂಕ್ ಕೊಂಡ ಅಂಗಡಿಯವರೇ ಒಬ್ಬ ಹುಡುಗನನ್ನು ಕಳಿಸಿದರು. ಅವನ ಕೈಯಲ್ಲಿ ನಾಲ್ಕಿಂಚಿನ ಕಟರ್. ಆ ಯಂತ್ರದ ಬ್ಲೇಡು ಹೋಗುವುದು ನೇರ ಗೆರೆಯಲ್ಲಿ, ನಮಗೆ ಬೇಕಾದದ್ದು ವೃತ್ತ. ಅವನು ವೃತ್ತದ ಸುತ್ತ ಹದಿನಾರು ನೇರ ಕೊಯ್ತ ಹಾಕಿ, ನಡುವಿನದನ್ನು ಸುತ್ತಿಗೆಯಲ್ಲಿ ಹೊಡೆದು ಬೀಳಿಸುವ ಲೆಕ್ಕದಲ್ಲಿದ್ದ. ನೀರಿಲ್ಲ, ಮೂಗಿಗೆ ಕರ್ಚೀಫು. ಹತ್ತು ನಿಮಿಷದಲ್ಲಿ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಬೂದಿ ಬಣ್ಣದ ಹೊಗೆ. ಕೊನೆಯ ಏಟಿಗೆ ನಡುವಿನ ಕಲ್ಲೂ ಬಿತ್ತು, ಮುಂದಿನ ಪಟ್ಟಿಯಲ್ಲೂ ಕೂದಲೆಳೆಯಂಥ ಗೆರೆ ಮೂಡಿತು. “ಏನಾಗಲ್ಲ ಮೇಡಂ, ಅಂಟು ಹಾಕಿದ್ರೆ ಗೊತ್ತೇ ಆಗಲ್ಲ” ಅಂದ. ಸಂಜೆಗೆ ಆ ಗೆರೆ ಅಂಚು ಮುಟ್ಟಿತ್ತು.

ಮಾವ ಬಂದು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅವರು ಎಚ್‌ಎಎಲ್‌ನಲ್ಲಿ ಮೂವತ್ತೈದು ವರ್ಷ ವಿಮಾನದ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ಬಿರುಕು ಹುಟ್ಟಿದ ಜಾಗಕ್ಕೆ ಬೆರಳಿಟ್ಟು ತೋರಿಸಿದರು: ನೇರ ಕೊಯ್ತವೊಂದು ವೃತ್ತದ ಗೆರೆಯನ್ನು ದಾಟಿ ಕಾಲಿಂಚು ಮುಂದೆ ಹೋಗಿತ್ತು. “ದುಂಡಗೆ ಮಾಡ್ತೀನಿ ಅಂತ ಹದಿನಾರು ಮೂಲೆ ಮಾಡಿಟ್ಟಿದಾನೆ” ಅಂದರು.

ಮೂಲೆಯ ಬಗೆಗಿನ ಈ ಭಯ ವಿಮಾನದವರಿಗೆ ರಕ್ತದಲ್ಲೇ ಇದೆ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದವು. ತನಿಖೆ ಬೆರಳು ತೋರಿದ್ದು ಲೋಹದ ದಣಿವಿನತ್ತ, ಮೈಯಲ್ಲಿ ತೆಗೆದ ಕಿಟಕಿಯಂಥ ತೆರಪುಗಳ ಮೂಲೆಯಿಂದ ಹೊರಟ ಬಿರುಕುಗಳತ್ತ. ಲೆಕ್ಕ ಅದಕ್ಕೂ ಹಳೆಯದು. 1898ರಲ್ಲಿ, ಇತ್ತ ಬೆಂಗಳೂರು ಪ್ಲೇಗಿನಲ್ಲಿ ನರಳುತ್ತಿದ್ದ ವರ್ಷ, ಅತ್ತ ಜರ್ಮನಿಯ ಕಿರ್ಷ್ ಎಂಬ ಎಂಜಿನಿಯರ್ ಒಂದು ಗಣಿತ ಮಾಡಿ ತೋರಿಸಿದ: ಅಗಲವಾದ ಹಲಗೆಯಲ್ಲಿ ದುಂಡು ತೂತು ತೆಗೆದು ಎಳೆದರೆ ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ತೂತು ಕಾಸಿನಷ್ಟಿರಲಿ, ಪರಾತದಷ್ಟಿರಲಿ, ಮೂರೇ ಪಟ್ಟು. ಮೊನಚು ಮೂಲೆಗೆ ಆ ದಯೆಯಿಲ್ಲ. ಮೂಲೆ ಚೂಪಾದಷ್ಟೂ ಎಳೆತ ಏರುತ್ತಲೇ ಹೋಗುತ್ತದೆ. ವಿಮಾನದ ತಗಡಿನಲ್ಲಿ ಬಿರುಕು ಕಂಡರೆ ಅದರ ತುದಿಗೆ ಸಣ್ಣ ದುಂಡು ತೂತು ಕೊರೆದು ಬಿರುಕನ್ನು ನಿಲ್ಲಿಸುವ ಪದ್ಧತಿಯುಂಟು ಎಂದು ಮಾವ ಹೇಳಿದರು. ಚೌಕದ ಸಿಂಕಿಗೆ ಕಲ್ಲು ಕೊಯ್ಯುವ ಒಳ್ಳೆಯ ಮೇಸ್ತ್ರಿಗಳು ಮೊದಲು ನಾಲ್ಕು ಮೂಲೆಗೂ ಡ್ರಿಲ್ಲಿನಲ್ಲಿ ತೂತು ಹಾಕಿ, ಆಮೇಲೆ ತೂತಿನಿಂದ ತೂತಿಗೆ ಕೊಯ್ಯುವುದೂ ಇದೇ ಕಾರಣಕ್ಕೆ. ಅವರು ಕಿರ್ಷ್‌ನನ್ನು ಓದಿದವರಲ್ಲ, ಒಡೆದ ಕಲ್ಲಿಗೆ ಕೈಯಿಂದ ದುಡ್ಡು ಕಟ್ಟಿದವರು.

ಎರಡನೆಯ ಸಲ ಹುಡುಕಿಕೊಂಡು ಹೋದದ್ದು ಹಲಸೂರಿನ ಒಬ್ಬ ಮೇಸ್ತ್ರಿಯನ್ನು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಬೈಯುವಾಗ ದಖನಿ. ಅವರು ಮೊದಲು ಕೇಳಿದ್ದೇ “ಸಿಂಕ್ ಎಲ್ಲಮ್ಮಾ? ಕೈಗೆ ಕೊಡಿ” ಎಂದು. ಪೆಟ್ಟಿಗೆಯ ಮೇಲೆ ಅಚ್ಚಾದ ಅಳತೆಯನ್ನು ಅವರು ನಂಬುವುದಿಲ್ಲ. ಬಟ್ಟಲನ್ನು ರಟ್ಟಿನ ಮೇಲೆ ಬೋರಲಿಟ್ಟು ಸುತ್ತ ಪೆನ್ಸಿಲ್ ಎಳೆದರು, ಅದರಿಂದ ಅರ್ಧ ಇಂಚು ಒಳಕ್ಕೆ ಇನ್ನೊಂದು ವೃತ್ತ ಎಳೆದರು. ಒಳಗಿನ ಹದಿನೈದು ಇಂಚಿನದೇ ಕೊಯ್ಯುವ ಗೆರೆ. ಹೊರಗಿನ ಅರ್ಧ ಇಂಚು ಬಟ್ಟಲಿನ ಅಂಚು ಕೂರಲಿಕ್ಕೆ. ಇಪ್ಪತ್ನಾಲ್ಕರಲ್ಲಿ ಹದಿನೈದು ಕಳೆದರೆ ಉಳಿದದ್ದು ಒಂಬತ್ತು ಇಂಚು. ಅದರಲ್ಲಿ ಮೂರು ಮುಂದಕ್ಕೆ, ಆರು ಹಿಂದಕ್ಕೆ, ನಲ್ಲಿಗೆ. ಮೇಲಿಂದ ಕೂರಿಸುವ ಸಿಂಕಿನಲ್ಲಿ ಕೊಯ್ದ ಅಂಚು ಕಾಣುವುದಿಲ್ಲವಾದ್ದರಿಂದ ಪಾಲಿಶ್ ಬೇಕಿಲ್ಲ. ಕಲ್ಲಿನ ಕೆಳಗೆ ತೂಗುಹಾಕುವ ಬಗೆಯದು ನೋಡಲು ಚೆಂದ, ಕಟ್ಟೆಯ ನೀರನ್ನು ಕೈಯಲ್ಲೇ ಒಳಗೆ ಸರಿಸಬಹುದು. ಆದರೆ ತುಂಬಿದ ಬಟ್ಟಲಿನ ಭಾರವೆಲ್ಲ ಅಂಟಿನ ಮೇಲೆ. ಕೆಳಗೆ ಕಬ್ಬಿಣದ ಆಂಗಲ್ಲೋ ಕಡಪ ಕಲ್ಲಿನ ಆಸರೆಯೋ ಕೊಡದೆ ಹಾಗೆ ಮಾಡಿಸುವುದು ಬೇಡ.

ಹೊಸ ಕಲ್ಲಿಗಾಗಿ ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಹೋದೆವು. ಅಂಗಡಿಯವನು ಕಪ್ಪು ಸ್ಲ್ಯಾಬ್ ತೋರಿಸಿ “ಟೆಲಿಫೋನ್ ಬ್ಲ್ಯಾಕ್” ಅಂದ. 1948ರಿಂದ ಐಟಿಐ ಕಾರ್ಖಾನೆ ಟೆಲಿಫೋನು ಮಾಡಿದ, ಆ ಕಾರಣಕ್ಕೇ ದೂರವಾಣಿನಗರ ಎಂದು ಹೆಸರು ಪಡೆದ ಊರಿನ ಪಕ್ಕದಲ್ಲಿ ನಿಂತು ಆ ಹೆಸರು ಕೇಳುವುದೇ ತಮಾಷೆ. ಭೂವಿಜ್ಞಾನಿಗಳನ್ನು ಕೇಳಿದರೆ ನಮ್ಮ ಬಹುಪಾಲು ‘ಕಪ್ಪು ಗ್ರಾನೈಟ್’ ಗ್ರಾನೈಟೇ ಅಲ್ಲ. ಚಾಮರಾಜನಗರದ ಹೆಸರಾಂತ ಕಪ್ಪು ಶಿಲೆಯ ಹಾಗೆ, ಹಳೆಯ ಬಂಡೆಯ ಬಿರುಕಿನೊಳಗೆ ಕರಗಿದ ಶಿಲೆ ನುಗ್ಗಿ ಹೆಪ್ಪುಗಟ್ಟಿದ ಡೋಲರೈಟ್. ಅಡುಗೆಮನೆಗೆ ಅದೇ ಒಳ್ಳೆಯದು. ಕಾಳು ಸಣ್ಣ, ಎಣ್ಣೆ ಅರಿಸಿನ ಹೀರುವುದು ಕಡಿಮೆ.

ಕೊಯ್ಯುವ ಕೆಲಸ ಈ ಸಲ ಮನೆಯಲ್ಲಲ್ಲ, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ. ಸ್ಲ್ಯಾಬನ್ನು ಮರಳಿನ ಮೇಲೆ ಅಂಗಾತ ಮಲಗಿಸಿದರು. ಅದೇ ನಾಲ್ಕಿಂಚಿನ ಕಟರ್, ಕೈ ಮಾತ್ರ ಬೇರೆ. ಮೇಸ್ತ್ರಿ ಗೆರೆಯ ಮೇಲೆ ಬ್ಲೇಡನ್ನು ಬರೀ ಸವರಿಕೊಂಡು ಒಂದು ಸುತ್ತು ಬಂದರು. ಆಮೇಲೆ ಇನ್ನೊಂದು, ಮತ್ತೊಂದು. ಪ್ರತಿ ಸುತ್ತಿಗೂ ಒಂದೋ ಎರಡೋ ಮಿಲಿಮೀಟರ್ ಆಳ. ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಅವರ ಮಗ ನೀರು ಹನಿಸುತ್ತಲೇ ಇದ್ದ. ಬೂದು ಕೆಸರು ಹರಿಯಿತು, ಹೊಗೆ ಏಳಲಿಲ್ಲ. ಎರಡೂವರೆ ಗಂಟೆ. ಕೊನೆಯ ಸುತ್ತಿಗೆ ನಡುವಿನ ಕಲ್ಲು ಅಲುಗದಂತೆ ಮಗ ಕೈ ಕೊಟ್ಟ. ಅದು ಅಖಂಡವಾಗಿ, ರೊಟ್ಟಿಯ ಹಾಗೆ ದುಂಡಗೆ ಬಂತು.

ಆ ನೀರಿನ ಬಾಟಲಿಯ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಬೂದು, ಕೆಂಪು ಗ್ರಾನೈಟುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕ್ವಾರ್ಟ್ಜ್. ನಮ್ಮ ಕಪ್ಪು ಶಿಲೆಯಲ್ಲಿ ಅದು ತೀರಾ ಕಡಿಮೆ. ಈಗಿನ ಫ್ಯಾಷನ್ನಿನ ಬಿಳಿ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಶೇ 90ರ ಆಸುಪಾಸಿನವರೆಗೂ ಇರುತ್ತದೆ. ಒಣಗಿದ್ದಾಗ ಕೊಯ್ದರೆ ಕಣ್ಣಿಗೆ ಕಾಣದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಗಾಯ ಮಾಡಿ ಕೂರುತ್ತದೆ. ಅದೇ ಸಿಲಿಕೋಸಿಸ್, ಒಮ್ಮೆ ಬಂದರೆ ವಾಸಿಯಿಲ್ಲ. ಕರ್ಚೀಫು ಅದನ್ನು ತಡೆಯುವುದಿಲ್ಲ. ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಕೃತಕ ಕಲ್ಲಿನ ತಯಾರಿಕೆ, ಮಾರಾಟ, ಅಳವಡಿಕೆಯನ್ನೇ ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸಿಲಿಕೋಸಿಸ್ಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿಟ್ಟಿತ್ತು. ಆದರೆ ನಮ್ಮ ಅಡುಗೆಮನೆ ಕಾರ್ಖಾನೆಯಲ್ಲ. ಅಲ್ಲಿ ಕರ್ಚೀಫು ಕಟ್ಟಿಕೊಂಡು ಕೂತ ಹುಡುಗ ಯಾವ ಪಟ್ಟಿಯಲ್ಲೂ ಇಲ್ಲ. ಮೊದಲ ದಿನ ನಾನು ಕೋಪಿಸಿಕೊಂಡದ್ದು ಹೋದ ಕಲ್ಲಿಗೆ. ಅವನಿಗೊಂದು ಬಾಟಲಿ ನೀರು ಕೊಡಬೇಕು ಎಂದು ಹೊಳೆದಿರಲಿಲ್ಲ.

ಕೂರಿಸುವ ಕೆಲಸ ಸಲೀಸು. ಅಂಚಿನ ಕೆಳಗೆ ಒಂದೇ ಎಳೆಯಾಗಿ ಸಿಲಿಕಾನ್ ಬಿಟ್ಟು, ಬಟ್ಟಲನ್ನು ಒತ್ತಿ, ಕೆಳಗಿನಿಂದ ಕ್ಲಿಪ್ ಬಿಗಿದು, ಒಂದು ದಿನ ಮುಟ್ಟದೆ ಬಿಡುವುದು. ಹಚ್ಚುವಾಗ ವಿನೆಗರ್ ವಾಸನೆ ಹೊಡೆಯುವ ಸಿಲಿಕಾನು ಅಗ್ಗ, ಆದರೆ ಅದು ಬಿಡುವುದು ಆಮ್ಲ. ಕಟ್ಟೆ ಅಮೃತಶಿಲೆಯದೋ ಕಡಪದ್ದೋ ಆಗಿದ್ದರೆ ಕಲೆ ಉಳಿಯಬಹುದು. ಸಿಂಕ್ ಕೊಳ್ಳುವ ಮೊದಲು ಜನ ಅಯಸ್ಕಾಂತ ಅಂಟಿಸಿ ಸ್ಟೀಲ್ ಪರೀಕ್ಷೆ ಮಾಡುತ್ತಾರಲ್ಲ, ಅದು ಅರ್ಧ ಪರೀಕ್ಷೆ ಮಾತ್ರ. ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುವ 304 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟದು, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 202ಕ್ಕೂ ಅಂಟದು. ಅಚ್ಚಾದ ದರ್ಜೆ ಮತ್ತು ಬಿಲ್ಲು ನೋಡುವುದೇ ದಾರಿ.

ಬಟ್ಟಲಿನ ಕೆಳಗೆ, ವಾಸನೆ ತಡೆಯಲು, ಬಾಟಲ್ ಟ್ರ್ಯಾಪ್. ಹಳೆಯ ಮನೆಗಳಲ್ಲಿ ಪೈಪನ್ನು ನೇರವಾಗಿ ಮೋರಿಗೆ ಬಿಟ್ಟಿರುತ್ತಾರೆ. ರಾತ್ರಿ ದೀಪ ಆರಿಸಿದ ಮೇಲೆ ಜಿರಲೆಗಳ ಮೆರವಣಿಗೆ ಬರುವುದು ಆ ದಾರಿಯಲ್ಲೇ. ಪೈಪಿನಲ್ಲೊಂದು ಡೊಂಕು ಮಾಡಿ ಅಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿದರೆ ವಾಸನೆಗೂ ಹುಳುವಿಗೂ ಬಾಗಿಲು ಹಾಕಿದಂತೆ. ಈ ಡೊಂಕಿಗೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು. ಊರಿಗೆ ಹೋಗಿ ತಿಂಗಳು ಕಳೆದು ಬಂದಾಗ ಸಿಂಕ್ ನಾರಿದರೆ ಬೇರೇನೂ ಆಗಿರುವುದಿಲ್ಲ, ಆ ನೀರು ಆರಿರುತ್ತದೆ. ಒಂದು ಚೊಂಬು ಸುರಿದರೆ ಸಾಕು.

ನಲ್ಲಿಯ ವಿಷಯದಲ್ಲಿ ನಾವು ಮತ್ತೊಮ್ಮೆ ಎಡವಿದೆವು. ಬಾತುಕೋಳಿಯ ಕತ್ತಿನಂಥ ಎತ್ತರದ ನಲ್ಲಿ ಚೆಂದ ಕಂಡಿತ್ತು. ಅಷ್ಟು ಮೇಲಿಂದ ಬಿದ್ದ ಧಾರೆ ಬಟ್ಟಲಿನ ಇಳಿಜಾರಿಗೆ ತಾಗಿ ನೇರ ನಮ್ಮ ಹೊಟ್ಟೆಗೆ ಚಿಮ್ಮಿತು. ದುಂಡು ಬಟ್ಟಲಿಗೆ ಗಿಡ್ಡ ನಲ್ಲಿ ಬೇಕು, ಧಾರೆ ಜಾಲರಿಯ ಹತ್ತಿರವೇ ಬೀಳಬೇಕು. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತ್ತಲ್ಲ, ಅಂಥದೊಂದನ್ನು ತಿರುಗಿಸಿ ಹಾಕಿದ ಮೇಲೆ ಚಿಮ್ಮುವುದೂ ತಗ್ಗಿತು.

ಕೆ.ಆರ್. ಪುರದಲ್ಲಿರುವ ನನ್ನ ನಾದಿನಿ ನಮ್ಮದನ್ನು ನೋಡಿ ತಾನೂ ಹಾಕಿಸಿಕೊಂಡಳು. ಅವಳ ಕಷ್ಟವೇ ಬೇರೆ: ಬೋರ್‌ವೆಲ್ಲಿನ ಗಡಸು ನೀರು, ಟ್ಯಾಂಕರಿನ ನೀರು. ವಾರದೊಳಗೆ ಬಟ್ಟಲಿನ ಸುತ್ತ ಸುಣ್ಣದ ಬಿಳಿ ಬಳೆ. ಬಚ್ಚಲಿಗೆ ಹಾಕುವ ಆಸಿಡ್ ತಂದು ಸುರಿಯಹೊರಟವಳನ್ನು ತಡೆದೆ. ಅದು ಸ್ಟೀಲಿನಲ್ಲಿ ಚುಕ್ಕಿ ಚುಕ್ಕಿ ಗುಂಡಿ ಮಾಡುತ್ತದೆ. ಹಿಂಡಿದ ನಿಂಬೆಸಿಪ್ಪೆ, ಹುಣಸೆಹಣ್ಣು ಸಾಕು, ಸುಣ್ಣ ಕರಗುತ್ತದೆ. ಆದರೆ ಅವಳ ಕಟ್ಟೆ ಕಡಪ ಕಲ್ಲಿನದು. ಕಡಪ ಎಂದರೆ ಸುಣ್ಣಕಲ್ಲೇ, ಹುಳಿ ತಾಗಿದರೆ ಮೈ ಮಾಸುತ್ತದೆ. ಬಟ್ಟಲಿನೊಳಗೆ ತಿಕ್ಕಿ, ಹೊರಗೆ ಹನಿಸದೆ ತೊಳೆಯಬೇಕು. ಟ್ಯಾಂಕರಿನ ಕಾಟ ಮಾತ್ರ ತೀರಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಚಾಲೂ ಆಯಿತು. ಆದರೂ ಅವಳ ಬೀದಿಯಲ್ಲಿ ಈಗಲೂ ಟ್ಯಾಂಕರಿನ ಹಾರ್ನ್ ಕೇಳಿದರೆ ಎಲ್ಲರೂ ಕಿಟಕಿಗೆ ಬರುತ್ತಾರೆ.

ಹದಿನೇಳನೆಯ ದಿನ ಅತ್ತೆ ಹೊಸ ಬಟ್ಟಲಿನಲ್ಲಿ ಮೊದಲು ತೊಳೆದದ್ದು ಎರಡು ಪಾವು ಸೋನಾಮಸೂರಿ. ಅಕ್ಕಚ್ಚನ್ನು ಮಾತ್ರ ಕೆಳಗೆ ಬಿಡಲಿಲ್ಲ, ಪಾತ್ರೆಗೆ ಬಗ್ಗಿಸಿಕೊಂಡು ಕರಿಬೇವಿನ ಗಿಡಕ್ಕೆ ಹಾಕಿದರು. ಮೇಸ್ತ್ರಿ ಬಿಟ್ಟುಹೋಗಿದ್ದ ಹದಿನೈದಿಂಚಿನ ದುಂಡು ಕಲ್ಲನ್ನು ಬಿಸಾಡಲು ನಾನು ಗೇಟಿನವರೆಗೆ ಒಯ್ದಿದ್ದೆ. “ತಾ ಇಲ್ಲಿ” ಎಂದು ಕಸಿದುಕೊಂಡು, ಸೆರಗಿನಲ್ಲಿ ಒರೆಸಿ, ಒಲೆಯ ಪಕ್ಕ ಇಟ್ಟುಕೊಂಡರು. ಈಗ ಬಿಸಿ ಕುಕ್ಕರ್ ಇಳಿಯುವುದು ಅದರ ಮೇಲೆಯೇ.